ಶ್ರಾವಣದ ಉದ್ಯಾನದಲ್ಲಿ ಅಕ್ಕ ತಂಗಿ

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಸಂಪಗಾಂವದ ದೇವಕ್ಕನಿಗೂ ರಾಮದುರ್ಗದಲ್ಲಿದ್ದ ಅವಳ ತಂಗಿ ಬಾಯವ್ವನಿಗೂ ಹೊಸ ರೂಢಿಯೊಂದು ಬಿದ್ದಿತ್ತು. ತಿಂಗಳಿಗೊಮ್ಮೆ ಯಾವುದಾದರೂ ಊರಿನ ಉದ್ಯಾನದಲ್ಲಿ ಇಬ್ಬರೂ ಕೂಡುವುದು. ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಒಲೆ, ಸೊಸೆಯಂದಿರು, ಮೊಮ್ಮಕ್ಕಳ ನಡುವೆ ನಾಲ್ಕು ಮಾತೂ ಆಗುತ್ತಿರಲಿಲ್ಲ. ಉದ್ಯಾನದಲ್ಲಿ ಬುತ್ತಿ ಬಿಚ್ಚಿ ಕುಳಿತರೆ ಕೇಳುವವರಿಲ್ಲ. ಕಿತ್ತೂರು ಕೋಟೆಯ ಹೂದೋಟ, ನವಿಲುತೀರ್ಥ, ಬೆಳಗಾವಿಯಲ್ಲಿ ಎರಡು ಆಗಿ, ಈ ಶ್ರಾವಣದಲ್ಲಿ ಧಾರವಾಡದ ಕೆರೆ ಬದಿಯ ಉದ್ಯಾನದ ಪಾಳಿ.

ಪಂಚಮಿ ಮುಗಿದು ಎರಡು ದಿನವಾಗಿತ್ತು. ಹಸಿ ಹುಲ್ಲಿನ ಮೇಲೆ ಚಾಪೆ ಹಾಸಿ ರೊಟ್ಟಿ, ಶೇಂಗಾ ಚಟ್ನಿ, ಉಂಡಿ ಹರವಿಕೊಂಡರು. ಎದುರಿಗೆ ಸರಪಳಿಯ ಜೋಕಾಲಿ. ಮಕ್ಕಳೆಲ್ಲ ಶಾಲೆಗೆ ಹೋಗಿದ್ದರಿಂದ ಅದು ಖಾಲಿ ತೂಗುತ್ತಿತ್ತು.

ಇಬ್ಬರಿಗೂ ತವರೂರು ಮುರಗೋಡ ನೆನಪಾಯಿತು. ಹಬ್ಬದ ಹಿಂದಿನ ದಿನ ಅಪ್ಪ ಬಾವಿಯ ಹಗ್ಗ ತಂದು ಹಿತ್ತಲ ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಅಣ್ಣ ಹೊಸ ಮನೆ ಕಟ್ಟಿಸಿದ, ಮರ ಹೋಯಿತು. ಹಬ್ಬದ ಕರೆಯೂ ಫೋನಿನಲ್ಲಿ ಎರಡು ಮಾತಿಗೆ ಇಳಿದಿತ್ತು.

ಬಾಯವ್ವ ರೊಟ್ಟಿ ಮುರಿಯುವಾಗ ದೇವಕ್ಕನ ಕಣ್ಣು ಅವಳ ಎಡಗೈ ಮೇಲೆ ಹೋಯಿತು. ಆ ಮೊಳಕೈ ಇಂದಿಗೂ ನೆಟ್ಟಗಾಗುತ್ತಿರಲಿಲ್ಲ. ಒಂದು ಪಂಚಮಿಗೆ ದೇವಕ್ಕ ಜೋರಾಗಿ ತೂಗಿದಾಗ ಹತ್ತು ವರ್ಷದ ತಂಗಿ ಕೆಳಗೆ ಬಿದ್ದಿದ್ದಳು. ಅಪ್ಪ ಎತ್ತಿನ ಬಾರಕೋಲಿನಿಂದ ದೇವಕ್ಕನಿಗೆ ಹೊಡೆದಿದ್ದ. ಆ ವರ್ಷದಿಂದ ಮದುವೆಯಾಗಿ ಹೋಗುವವರೆಗೂ ದೇವಕ್ಕ ತನ್ನ ಪಾಲಿನ ಉಂಡಿಗಳನ್ನೆಲ್ಲ ತಂಗಿಗೇ ಕೊಟ್ಟಿದ್ದಳು.

“ಅಕ್ಕಾ, ಆಡೋಣೇನ?” ಎಂದಳು ಬಾಯವ್ವ.

ಕಸ ಗುಡಿಸುತ್ತಿದ್ದ ಉದ್ಯಾನದ ಕೆಲಸದಾಕೆ ಕೆಂಚವ್ವ ಕೇಳಿಸಿಕೊಂಡು ಹತ್ತಿರ ಬಂದಳು. “ಅದು ಸಣ್ಣ ಹುಡುಗರದ್ರೀ ಯವ್ವಾ. ಸಾಹೇಬ್ರು ನನಗ ಬೈತಾರ.”

ದೇವಕ್ಕ ಅವಳ ಕೈಗೊಂದು ಎಳ್ಳುಂಡಿ ಇಟ್ಟಳು. “ಯಾವೂರವ್ವಾ ನಿಂದು?”

“ಮನೋಳಿರಿ.”

“ಪಂಚಮಿಗೆ ತವರಿಗೆ ಹೋಗಿದ್ದಿಲ್ಲೇನು?”

“ಸೂಟಿ ಸಿಗಲಿಲ್ರಿ.” ಕೆಂಚವ್ವ ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ತಿಂದು ಮುಗಿಸಿ ಗೇಟಿನ ಕಡೆ ನೋಡಿದಳು. “ಸಾಹೇಬ್ರು ಊಟಕ್ಕ ಹೋಗ್ಯಾರ. ಸಾವಕಾಶ ಆಡ್ರಿ. ಸರಪಳಿ ಗಟ್ಟಿ ಹಿಡೀರಿ.”

ಬಾಯವ್ವ ಹೋಗಿ ಕುಳಿತೇಬಿಟ್ಟಳು. ಹಿಂದೆ ನಿಂತ ದೇವಕ್ಕನಿಗೆ ಮಾತ್ರ ಕೈ ಏಳಲಿಲ್ಲ. “ನನ್ನ ಕೈಲೆ ಆಗೂದಿಲ್ಲವ್ವಾ. ನಿನ್ನ ಮೊಳಕೈ ನೋಡಿದ್ರ ಈಗೂ ಎದಿ ಝಲ್ ಅಂತೈತಿ.”

ಬಾಯವ್ವ ಸರಪಳಿ ಹಿಡಿದೇ ಹಿಂದಕ್ಕೆ ಹೊರಳಿದಳು. “ನೀ ಬೀಳಸಲಿಲ್ಲಕ್ಕ. ಬೇವಿನ ಎಲಿ ಹರಕೋಬೇಕಂತ ನಾನ ಕೈ ಬಿಟ್ಟಿದ್ದೆ.”

“ಅಪ್ಪ ನನ್ನ ಹೊಡಿಯೂಮುಂದ ಸುಮ್ಮನ ನಿಂತಿದ್ದಿಯಲ್ಲ ನೀ?”

“ಅಂಜಿದ್ದೆ. ಆಮ್ಯಾಲೆ ನೀ ಉಂಡಿ ಕೊಡಾಕ ಹತ್ತಿದಿ. ಹೇಳಾಕ ಬಾಯಿನ ಬರಲಿಲ್ಲ.”

ದೇವಕ್ಕನಿಗೆ ಐವತ್ತು ವರ್ಷ ಹೊತ್ತ ಭಾರ ಇಳಿದ ಸಮಾಧಾನಕ್ಕಿಂತ, ಅಷ್ಟು ವರ್ಷ ಹೊತ್ತೆನಲ್ಲ ಎಂಬ ಸಿಟ್ಟೇ ಮೊದಲು ಬಂತು. ಬೈಯಲು ಬಾಯಿ ತೆರೆದಳು. ತಲೆ ತಗ್ಗಿಸಿ ಕುಳಿತ ತಂಗಿ, ನರೆತ ಕೂದಲಿದ್ದರೂ, ಹಿತ್ತಲಲ್ಲಿ ಅಳುತ್ತಿದ್ದ ಅದೇ ಹುಡುಗಿಯಂತೆ ಕಂಡಳು.

“ಇಳಿ,” ಎಂದಳು ದೇವಕ್ಕ.

ಬಾಯವ್ವ ಅಂಜುತ್ತ ಇಳಿದಳು. ದೇವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಕುಳಿತಳು. “ಈಗ ನೀ ತೂಗು. ತೋಳು ನೋಯೂ ತನಕ ತೂಗು.”

ಡೊಂಕು ಕೈಯಿಂದಲೇ ಬಾಯವ್ವ ತೂಗಿದಳು. ಕೆರೆಯ ನೀರು ಮುಂದೆ ಬಂದು ಹಿಂದೆ ಸರಿಯಿತು. ಕೆಂಚವ್ವ ಕಸಬರಿಗೆ ಹಿಡಿದು ನಗುತ್ತ ನಿಂತಿದ್ದಳು.

“ಸಾಕೇನಕ್ಕ?”

“ಇನ್ನೀಟು ತೂಗು,” ಎಂದಳು ದೇವಕ್ಕ.

ಎರಡೂವರೆಯ ರಾಮದುರ್ಗದ ಬಸ್ಸು ಅಂದು ಬಾಯವ್ವನಿಗೆ ಸಿಗಲಿಲ್ಲ.