ಹೊಲಿಗೆ ಯಂತ್ರಕ್ಕೆ ಅಂಟಿದ ಬಿಲ್ಲೆ

ಐದು ವರ್ಷದ ಆ ಹುಡುಗಿಗೆ ಮನೆಯಲ್ಲಿ ದೊರೆಸಾನಿ ಎಂದೇ ಹೆಸರು. ಹುಟ್ಟಿನಿಂದ ಕಿವಿ ಕೇಳದು, ಜೊತೆಗೆ ಆಟಿಸಂ. ಬೇಡವೆಂದರೆ ಬ್ರಹ್ಮ ಬಂದು ಕೇಳಿದರೂ ಬೇಡವೇ.

ಎರಡು ತಿಂಗಳ ಹಿಂದೆ ಆಪರೇಷನ್ ಮಾಡಿ ಕಿವಿಯೊಳಗೆ ಇಂಪ್ಲಾಂಟ್ ಕೂರಿಸಿದ್ದರು. ಹೊರಗೆ ಕಿವಿಗೆ ಸಿಕ್ಕಿಸುವ ಪುಟ್ಟ ಸಾಧನ, ಅದರ ವೈರಿನ ತುದಿಗೆ ಆಯಸ್ಕಾಂತದ ಬಿಲ್ಲೆ. ಬಿಲ್ಲೆ ತಲೆಗೆ ಅಂಟಿದ್ದರೆ ಮಾತ್ರ ಕೇಳಿಸುತ್ತದೆ. ದೊರೆಸಾನಿ ಅದನ್ನು ಕಿತ್ತು ಅಮ್ಮನ ಹೊಲಿಗೆ ಯಂತ್ರದ ಕಬ್ಬಿಣದ ಮೈಗೆ ಟಪ್ಪೆಂದು ಅಂಟಿಸುತ್ತಿದ್ದಳು.

ಅಮ್ಮ ಶಾಲೆಯ ಯೂನಿಫಾರ್ಮು ಹೊಲಿಯುವವಳು. ಮಗಳಿಗೆ ಕೇಳುವುದನ್ನು ಕಲಿಸುವ ತರಬೇತಿಯ ಮೇಡಂ ಒಂದು ನೋಟ್‌ಬುಕ್ ಕೊಟ್ಟು, "ಯಾವ ಸದ್ದಿಗೆ ಏನ್ ಮಾಡ್ತಾಳೆ, ಬರ್ಕೊಂಡು ಬನ್ನಿ" ಎಂದಿದ್ದರು. ಹಾಳೆಗಳು ಖಾಲಿ. ಹೆಸರು ಕರೆದರೆ ತಿರುಗುವುದಿಲ್ಲ. ಅಜ್ಜಿ ತಟ್ಟೆ ಬಡಿದದ್ದೂ ದಂಡ. ಅಪ್ಪ ಶಿಳ್ಳೆ ಹಾಕಿದ್ದಕ್ಕೆ ಪಕ್ಕದ ಮನೆಯ ನಾಯಿ ಬಂತು. ನಾಳೆ ಮೇಡಂ ಕೇಳಿದರೆ ಏನು ಹೇಳುವುದು? ಮಗಳಿಗೆ ನಿಜವಾಗಿ ಕೇಳಿಸುತ್ತಿದೆಯೇ?

ಆ ಮಧ್ಯಾಹ್ನ ಅಮ್ಮ ಹೊಲಿಯುತ್ತಿದ್ದಾಗ ಬಿಲ್ಲೆ ಮತ್ತೆ ಯಂತ್ರಕ್ಕೆ ಬಂತು.

"ಕಿವಿ ಇದಕ್ಕೆ ಬೇಕಾ, ನಿಂಗೆ ಬೇಕಾ ತಾಯಿ?" ಎಂದು ಅಮ್ಮ ರೇಗಿದಳು. ಅಷ್ಟರಲ್ಲಿ ದಾರ ತುಂಡಾಯಿತು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಚಕ್ರ ನಿಂತದ್ದನ್ನು ನೋಡಿದ ದೊರೆಸಾನಿ ಎದ್ದು ಬಂದು, ಬಿಲ್ಲೆ ಕಿತ್ತುಕೊಂಡು, ತನ್ನ ತಲೆಗೆ ತಾನೇ ಅಂಟಿಸಿಕೊಂಡಳು!

ಅಮ್ಮನ ಕೈ ಅಲ್ಲೇ ನಿಂತಿತು. ಮಗಳು ಗೋಡೆಗೆ ಮುಖ ಮಾಡಿ ಗುಂಡಿಗಳನ್ನು ಸಾಲಾಗಿ ಜೋಡಿಸತೊಡಗಿದಳು. ಅಮ್ಮ ಮೆಲ್ಲಗೆ ಪೆಡಲ್ ತುಳಿದಳು. ತಿರುಗದೆಯೇ ಮಗಳ ಕೈ ಬಿಲ್ಲೆಗೆ ಹೋಯಿತು. ಅಮ್ಮ ತುಳಿಯುವುದು ನಿಲ್ಲಿಸಿದಳು, ಮಗಳ ಕೈ ಇಳಿಯಿತು.

ಐದು ವರ್ಷ ಇದೇ ಯಂತ್ರದ ಕೆಳಗೆ ಗೊರಕೆ ಹೊಡೆದವಳು!

"ಅತ್ತೇ, ಬೇಗ ಬನ್ನಿ!"

ಓಡಿ ಬಂದ ಅಜ್ಜಿಯ ಮುಂದೆ ಅಮ್ಮ ಇನ್ನೊಮ್ಮೆ ತುಳಿದಳು. ಈ ಸಲ ದೊರೆಸಾನಿಯ ತಾಳ್ಮೆ ಮುಗಿಯಿತು. ಎದ್ದು ಬಂದವಳೇ ಕೂತು, ಅಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲಿನಿಂದ ಎತ್ತಿ ಪಕ್ಕಕ್ಕಿಟ್ಟಳು.

"ಹತ್ತು ವರ್ಷದಿಂದ ನಾನು ಬಾಯಿ ಬಡ್ಕೊಂಡೆ, ಈ ಗಲಾಟೆ ತಡಿಯೋಕಾಗಲ್ಲ ಅಂತ," ಎಂದಳು ಅಜ್ಜಿ. "ಕೇಳಿಸ್ಕೊಂಡ್ಯಾ ನೀನು? ಈಗ ಕೇಳು."

ಅಮ್ಮ ನಗುತ್ತಲೇ ಅತ್ತಳು. ಆಮೇಲೆ ನೋಟ್‌ಬುಕ್ ತೆರೆದು ಮೊದಲ ಸಾಲು ಬರೆದಳು: "ಅವಳಿಗೆ ನನ್ನ ಯಂತ್ರದ ಸದ್ದು ಕೇಳಿಸುತ್ತದೆ. ಸ್ವಲ್ಪವೂ ಇಷ್ಟವಿಲ್ಲ."

ಬರೆದು ಮುಗಿಸಿ, ಯಂತ್ರವನ್ನು ಒಳಕೋಣೆಗೆ ತಳ್ಳಿ ಬಾಗಿಲು ಹಾಕಿದಳು.