ಕಡೆಯ ಪಂಕ್ತಿ

ನಾನು ನವಲಗುಂದದ ಒಂದು ಜಮಖಾನ. ಮೆಹಬೂಬಿ ಎಂಬಾಕೆ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ನನ್ನನ್ನು ನೇಯ್ದಳು. ನಡುವೆ ಎರಡು ನವಿಲು, ಸುತ್ತ ಕೆಂಪು ಅಂಚು. ಆಕೆ ನನ್ನ ಮೇಲೆ ಒಂದು ದಿನವೂ ಕೂರಲಿಲ್ಲ.

ಅಲ್ಲಿಂದ ಗದಗಿನ ಓಣಿಯೊಂದರ ವಾಚನಾಲಯಕ್ಕೆ ಬಂದೆ. ನಿವೃತ್ತರಾದ ಕಮಲಾಕ್ಷಿ ಟೀಚರು ಶನಿವಾರ ಮಧ್ಯಾಹ್ನ ಅಲ್ಲಿ ಹೆಂಗಸರನ್ನು ಕೂಡಿಸಿ ಪುಸ್ತಕ ಓದಿಸುತ್ತಿದ್ದರು, ಓದಿದ್ದರ ಮೇಲೆ ಚರ್ಚೆ. ಜನರನ್ನು ನಾನು ಅಂಗಾಲಿನಿಂದಲೇ ಬಲ್ಲೆ. ಬಸಲಿಂಗಮ್ಮನವರ ಕಾಲು ಬಲು ಮೆತ್ತಗೆ. ನವಿಲಿನ ಮೇಲೇ ಅವರ ಜಾಗ. ನನ್ನನ್ನು ಝಾಡಿಸಿ ಹಾಸುವ ಹುಲಿಗೆವ್ವನ ಅಂಗಾಲು ಮಾತ್ರ ನನಗೆ ಗೊತ್ತಿರಲಿಲ್ಲ. ವಾಚನಾಲಯದ ಕಸ ಗುಡಿಸಿ, ಬಸಲಿಂಗಮ್ಮನವರ ಮನೆಯ ಮುಸುರೆ ತಿಕ್ಕುವ ಆಕೆ ಬಾಗಿಲ ಬಳಿ ಬರಿನೆಲದಲ್ಲಿ ಕೂತು ಕೇಳುತ್ತಿದ್ದಳು.

ಒಂದು ಶನಿವಾರ, ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎಂಬ ಅಧ್ಯಾಯ ಬಂತು.

"ನಿಮ್ಮನ್ಯಾಗ ಕಡೀಕ ಉಣ್ಣಾವ್ರು ಯಾರು?" ಎಂದರು ಟೀಚರು.

ಎಲ್ಲರೂ ತಾನು, ತಾನು ಎಂದರು.

"ಹೆಣ್ಣಿನ ಹಣೇಬರಾ ಎಲ್ಲಾ ಕಡೆ ಒಂದ ಬಿಡ್ರಿ," ಎಂದರು ಬಸಲಿಂಗಮ್ಮ.

ಬಾಗಿಲಿಂದ ಹುಲಿಗೆವ್ವ ಅಂದಳು: "ಕಡೀಕ ನೀವಲ್ರೀ ಅವ್ವಾರ. ನೀವು ಉಂಡು ಉಳಿದದ್ದು ಹಿತ್ತಲ ಬಾಗಿಲದಾಗ ನನಗ ಹಾಕ್ತೀರಲ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನನ್ನು ಸುತ್ತಿಟ್ಟು ಅವಳು ಹೊರಟಳು. ಮರುದಿನವೇ ಅವಳಿಗೆ ಬಸಲಿಂಗಮ್ಮನವರ ಮನೆಗೆಲಸ ತಪ್ಪಿತು. ನನಗೆ ಸಿಟ್ಟು ಬಂತು. ಬಡವನ ಸಿಟ್ಟು ದವಡೆಗೆ ಮೂಲವಾದರೆ, ಜಮಖಾನದ ಸಿಟ್ಟು ಬರೀ ಧೂಳು.

ಮುಂದಿನ ಶನಿವಾರ ಟೀಚರು ನನ್ನನ್ನು ಮೂಲೆಗೆ ನಿಲ್ಲಿಸಿ ಎಲ್ಲರನ್ನೂ ಬರಿನೆಲದಲ್ಲಿ ಕೂರಿಸಿದರು. ಕಸಬರಿಗೆ ಹಿಡಿದು ಬಂದ ಹುಲಿಗೆವ್ವ ನೋಡಿದಳು.

"ಏನ್ರಿ ಇದು?"

"ಎಲ್ಲಾರೂ ಸಮ ಆಗೂಣಂತ, ಹುಲಿಗೆವ್ವ."

"ನೀವು ಕೆಳಗ ಕುಂತ್ರ ನನಗೇನು ಬಂತ್ರಿ ಟೀಚರ? ನಾನೂ ಮ್ಯಾಲೆ ಕುಂದರಬೇಕಂತೀನಿ. ಹಾಸ್ರಿ ಅದನ್ನ."

ಅಂದವಳು ಹಾಸಲು ತಾನು ಬಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎದ್ದವರು ಬಸಲಿಂಗಮ್ಮ. ಜನ್ಮದಲ್ಲಿ ಜಮಖಾನ ಹಾಸಿದವರಲ್ಲ. ನಾನು ಸೊಟ್ಟಗೆ ಬಿದ್ದೆ. ಹುಲಿಗೆವ್ವನನ್ನು ಅವರು ಮತ್ತೆ ಮನೆಗೆಲಸಕ್ಕೆ ಕರೆಯಲಿಲ್ಲ ಎಂಬುದೂ ನಿಜ. ಹುಲಿಗೆವ್ವ ಬಂದು ನವಿಲಿನ ಮೇಲೆ ಕೂತಳು. ಬಿರುಕು ಬಿಟ್ಟ ಆ ಅಂಗಾಲು ಮೆಹಬೂಬಿಯ ಕೈಯಷ್ಟೇ ಒರಟಾಗಿತ್ತು. ನನಗೆ ತವರು ನೆನಪಾಯಿತು.

ಈಗ ನನ್ನ ಅಂಚು ಹರಿದಿದೆ, ನವಿಲುಗಳು ಸವೆದಿವೆ. ವಾರವೆಲ್ಲ ಕಪಾಟಿನ ಪಕ್ಕ ನಿಂತಿರುತ್ತೇನೆ. ಶನಿವಾರ ಹಾಸುವ ಸರದಿ ಒಬ್ಬೊಬ್ಬರದು. ಬಸಲಿಂಗಮ್ಮನವರು ಇಂದಿಗೂ ಸೊಟ್ಟಗೇ ಹಾಸುತ್ತಾರೆ. ಹುಲಿಗೆವ್ವ ಬಾಗಿ ಸರಿಪಡಿಸುವುದಿಲ್ಲ. ಪುಸ್ತಕ ಹಿಡಿದು ನಿಂತಲ್ಲಿಂದಲೇ ಹೇಳುತ್ತಾಳೆ:

"ಅವ್ವಾರ, ಈ ಕಡೆ ಇನ್ನೊಂಚೂರು ಎಳೀರಿ."