ಛಾವಣಿ ತಟ್ಟುವ ಹುಡುಗ

ಕೋಲ್ಬಿಯ ಎಡಗೈ ಒಂದು ತೆಪ್ಪಗಿದ್ದಿದ್ದರೆ ಆ ಬೇಸಿಗೆಯಲ್ಲಿ ಅವನು ಎರಡು ರೇಸಾದರೂ ಗೆದ್ದಿರುತ್ತಿದ್ದ ಎಂದು ಅವನ ಅತ್ತೆ ವಿಲ್ಡಾ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಳು. ಹುಡುಗನ ಕಣ್ಣು ಚುರುಕು, ಕಾಲು ಚುರುಕು. ಅವಳೇ ತನ್ನ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿದ ಎಂಜಿನ್ನೂ ಎಲ್ಲೂ ಕೈಕೊಟ್ಟಿರಲಿಲ್ಲ. ಆದರೆ ಎಲ್ಲಿ ಏನು ಎಡವಟ್ಟಾದರೂ ಆ ದರಿದ್ರ ಕೈ ಕಿಟಕಿಗೆ ಗಾಜಿನ ಬದಲು ಕಟ್ಟಿದ್ದ ಬಲೆಯ ಸಂದಿಯಿಂದ ಹೊರಗೆ ಬಂದು ಕಾರಿನ ಛಾವಣಿಯನ್ನು ಟಪಟಪ ತಟ್ಟಿಬಿಡುತ್ತಿತ್ತು.

ನಾರ್ತ್ ಕೆರೊಲಿನಾದ ಆ ಪುಟ್ಟ ಟ್ರ್ಯಾಕಿನಲ್ಲಿ ಅದು ಹಳೆಯ ಪದ್ಧತಿ. ಒಬ್ಬನ ಕಾರು ಗಿರಕಿ ಹೊಡೆದು, ಎಲ್ಲರೂ ನಿಧಾನಕ್ಕೆ ಸಾಲಾಗಿ ಬನ್ನಿ ಎನ್ನುವ ಹಳದಿ ಬಾವುಟ ಬಂತೆಂದರೆ, ತಾಗಿಸಿದವನು ಬಾವುಟದವನ ಮುಂದೆ ಹಾಯುವಾಗ ತನ್ನ ಛಾವಣಿ ತಟ್ಟಿ ತಪ್ಪು ಒಪ್ಪಿಕೊಳ್ಳಬಹುದು. ತಟ್ಟಿದವನು ಸಾಲಿನ ಕೊನೆಗೆ ಹೋಗಬೇಕು, ಗಿರಕಿ ಹೊಡೆದವನಿಗೆ ಅವನ ಜಾಗ ವಾಪಸ್ಸು ಸಿಗುತ್ತದೆ. ಯಾರೂ ತಟ್ಟದಿದ್ದರೆ ಗಿರಕಿ ಹೊಡೆದವನೇ ಹಿಂದಕ್ಕೆ. ಪಳಗಿದ ಚಾಲಕರು ತಟ್ಟುವುದು ಅಪರೂಪ. ಕೋಲ್ಬಿ ಮಾತ್ರ ಸತ್ಯಹರಿಶ್ಚಂದ್ರನ ಮೊಮ್ಮಗನಂತೆ ಪ್ರತಿ ಶನಿವಾರ ತಟ್ಟುತ್ತಿದ್ದ. ಒಮ್ಮೆಯಂತೂ ಮುಂದಿನವನ ಟೈರು ತಾನಾಗಿ ಸಿಡಿದದ್ದಕ್ಕೂ ತಟ್ಟಿದ.

"ಅದಕ್ಕ್ಯಾಕೋ ತಟ್ದೆ?" ಎಂದು ವಿಲ್ಡಾ ತಲೆ ಚಚ್ಚಿಕೊಂಡಿದ್ದಳು.

"ನಾನೇ ತಾಗಿಸಿದ್ನೇನೋ ಅನ್ನಿಸ್ತು ಅತ್ತೆ."

"ಅನ್ನಿಸಿದ್ದಕ್ಕೆಲ್ಲ ತಟ್ಟೋಕೆ ಅದೇನು ಡೋಲೇನೋ?"

ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಕಾರಿನ ಮಾಲೀಕ ಗಾರ್ಲಂಡ್‌ಗಂತೂ ತಾಳ್ಮೆ ಪೂರ್ತಿ ಮುಗಿದಿತ್ತು. ವರ್ಷದ ಕೊನೆಯ ರೇಸಿನ ದಿನ ಅವನು ವಿಲ್ಡಾಳನ್ನು ಪಕ್ಕಕ್ಕೆ ಕರೆದು, "ಇವತ್ತು ಗೆಲ್ಲಲಿಲ್ಲ ಅಂದ್ರೆ ಮುಂದಿನ ವರ್ಷ ಈ ಕಾರಿಗೆ ಬೇರೆ ಹುಡುಗ. ಪಾದ್ರಿ ಬೇಕಾಗಿದ್ರೆ ನಾನು ಚರ್ಚಿಗೆ ಹೋಗ್ತಿದ್ದೆ," ಎಂದುಬಿಟ್ಟ. ಅದನ್ನು ಅವಳು ಹುಡುಗನಿಗೂ ಹೇಳಿದಳು. ಅವನು ಹೊಸಬನ ಗುರುತಿಗೆ ಹಿಂದಿನ ಬಂಪರಿಗೆ ಅಂಟಿಸಿದ್ದ ಹಳದಿ ಪಟ್ಟಿಯನ್ನು ಒರೆಸಿ ಹೆಲ್ಮೆಟ್ ಹಾಕಿಕೊಂಡ. ಆ ಪಟ್ಟಿಯನ್ನು ಮೊದಲ ಗೆಲುವಿನ ದಿನ ಹಿರಿಯ ಚಾಲಕನೊಬ್ಬ ಕೀಳುವುದು ಅಲ್ಲಿನ ವಾಡಿಕೆ.

ಅಟ್ಟಣಿಗೆಯ ಮೇಲೆ ನಿಂತು ರೇಡಿಯೊದಲ್ಲಿ ದಾರಿ ಹೇಳುವುದು ವಿಲ್ಡಾಳ ಕೆಲಸ. ಪಕ್ಕದಲ್ಲೇ ಅರ್ಲೀನ್ ನಿಂತು ತನ್ನ ಗಂಡ ಹೋಯ್ಟ್ ಮೇಷ್ಟ್ರಿಗೆ ದಾರಿ ಹೇಳುತ್ತಿದ್ದಳು, ನಡುನಡುವೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದಳು. ಮೇಷ್ಟ್ರು ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಸುಳ್ಳು ಹೇಳಬಾರದು ಎಂದು ಕೋಲ್ಬಿಗೆ ಕಲಿಸಿದವರೂ ಅವರೇ. ಶನಿವಾರ ಮಾತ್ರ ಅದೇ ಕೋಲ್ಬಿಯ ಬಂಪರಿಗೆ ಗುದ್ದಿ ಗುದ್ದಿ ದಾರಿ ಮಾಡಿಕೊಂಡು ಹೋಗುತ್ತಿದ್ದರು. ಒಂದು ದಿನವಾದರೂ ತಟ್ಟಿದವರಲ್ಲ.

ಇನ್ನೇನು ರೇಸು ಮುಗಿಯಬೇಕು, ಆಗ ಮೇಷ್ಟ್ರು ಮುಂದೆ, ಅವರ ಬಾಲಕ್ಕೆ ಅಂಟಿಕೊಂಡು ಕೋಲ್ಬಿ.

"ಒಳಗಡೆ ಜಾಗ ಇದೆ, ನುಗ್ಗೋ!"

"ಮುಂದಿರೋದು ಮೇಷ್ಟ್ರು, ಅತ್ತೆ…"

"ಇವತ್ತು ಭಾನುವಾರ ಅಲ್ಲ ಕಣೋ, ನುಗ್ಗು!"

ಆಚೆ ತಿರುವಿನಲ್ಲಿ ಮೇಷ್ಟ್ರ ಕಾರು ಗರಗರನೆ ತಿರುಗಿ ಹುಲ್ಲಿಗೆ ಹೋಗಿ ನಿಂತಿತು. ಹೊಗೆಯಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣಲಿಲ್ಲ. ವಿಲ್ಡಾಳಿಗೆ ಕಂಡಿತು. ಹುಡುಗನ ಮುಂದಿನ ಚಕ್ರದಿಂದ ಅವಳು ಕಣ್ಣು ಕೀಳುತ್ತಿರಲಿಲ್ಲವಲ್ಲ. ಅದು ಜಾರಿ ತಾಗಿದ್ದಲ್ಲ, ತಿರುಗಿಸಿ ತಾಗಿಸಿದ್ದು.

"ಕೈ ಒಳಗಿರಲಿ," ಎಂದಳು ರೇಡಿಯೊದಲ್ಲಿ. "ಎರಡೂ ಕೈ ಸ್ಟೀರಿಂಗ್ ಮೇಲೆ. ಕೇಳಿಸ್ತೇನೋ?"

ಕೋಲ್ಬಿಯ ಕಾರು ನಿಧಾನವಾಗಿ ಬಾವುಟದವನ ಮುಂದೆ ಹಾಯಿತು. ಕಿಟಕಿಯ ಬಲೆ ಅಲುಗಲಿಲ್ಲ.

ಅರ್ಲೀನ್ ಕಡಲೆಕಾಯಿ ಸಿಪ್ಪೆ ಕೊಡವಿ ನಿಟ್ಟುಸಿರುಬಿಟ್ಟಳು. "ಹಂಗಾದ್ರೆ ನಮ್ಮನೆಯವರದ್ದೇ ತಪ್ಪು ಬಿಡಿ. ನಿಮ್ ಹುಡುಗ ತಾಗ್ಸಿದ್ರೆ ತಟ್ದೆ ಬಿಡ್ತಿದ್ನಾ?"

ಬಾವುಟದವನೂ ಹಾಗೇ ಅಂದುಕೊಂಡ, ನೆರೆದ ಜನವೂ ಹಾಗೇ ಅಂದುಕೊಂಡಿತು. ಮೇಷ್ಟ್ರು ಸಾಲಿನ ಕೊನೆಗೆ ಹೋದರು. ಕೋಲ್ಬಿ ಗೆದ್ದ.

ಬೇಸಿಗೆಯೆಲ್ಲ ಬಾಯಿ ಬಡಿದುಕೊಂಡು ಬೇಡಿದ್ದು ಕೈಗೆ ಬಂದಾಗ ಕುಣಿದಾಡಬೇಕಿತ್ತು. ವಿಲ್ಡಾ ಅಟ್ಟಣಿಗೆಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಇಳಿದಳು. ಗಾರ್ಲಂಡ್ ಓಡಿಬಂದು ಅವಳ ಬೆನ್ನಿಗೆ ಗುದ್ದಿ, "ಮುಂದಿನ ವರ್ಷಾನೂ ಇವನೇ!" ಎಂದು ಕೂಗಿದ. ಅವಳಿಗೆ ಅವನ ಮೇಲೆ ಸುಮ್ಮಸುಮ್ಮನೆ ರೇಗಿತು.

ಆಗ ಮೇಷ್ಟ್ರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೋಲ್ಬಿಯ ಹತ್ತಿರ ಬಂದರು. "ನನ್ನ ಕೈಯೇ ಜಾರ್ತು ಕಣಪ್ಪ, ವಯಸ್ಸಾಯ್ತು. ತಾಗಿತೇನೋ ಅಂತ ಒಂದು ಗಳಿಗೆ ಅನುಮಾನ ಬಂತು. ಛೆ, ನಿನ್ನ ಬಗ್ಗೆ ಹಂಗೆ ಯೋಚನೆ ಮಾಡಿದ್ದೇ ತಪ್ಪು," ಎಂದವರೇ ಬಗ್ಗಿ ಬಂಪರಿನ ಹಳದಿ ಪಟ್ಟಿಯನ್ನು ಕಿತ್ತು ಹುಡುಗನ ಕೈಗಿಟ್ಟರು. ಜನ ಚಪ್ಪಾಳೆ ಹೊಡೆಯಿತು. ಮೇಷ್ಟ್ರು ತಮ್ಮ ಟ್ರಕ್ಕಿನ ಕಡೆಗೆ ನಡೆದರು.

ಕಾರನ್ನು ಟ್ರೇಲರಿಗೆ ಏರಿಸುವಾಗ ಇಬ್ಬರೇ ಉಳಿದರು. ಕೋಲ್ಬಿ ಪಟ್ಟಿಯನ್ನು ಮತ್ತೆ ಬಂಪರಿಗೆ ಅಂಟಿಸಲು ನೋಡುತ್ತಿದ್ದ. ಧೂಳು ಮೆತ್ತಿ ಅದು ಅಂಟುತ್ತಿರಲಿಲ್ಲ.

"ಕೈ ಒಳಗಿಡು ಅಂದ್ಯಲ್ಲ ಅತ್ತೆ."

"ಅಂದೆ."

"ಈಗ ಹೋಗಿ ಹೇಳ್ಲಾ?"

ವಿಲ್ಡಾಳ ಸಿಟ್ಟು ನೆತ್ತಿಗೇರಿತು. ಬೇಸಿಗೆಯೆಲ್ಲ ಅವನ ಮೇಲೆ ಬಂದ ಸಿಟ್ಟು ಒಂದು ತೂಕವಾದರೆ ಇದೇ ಒಂದು ತೂಕ, ಮತ್ತು ಇದು ಪೂರ್ತಿ ಅವಳಿಗೆ ತನ್ನ ಮೇಲೆಯೇ ಬಂದದ್ದು.

"ಇಷ್ಟು ದಿನ ತಟ್ಟೋವಾಗ," ಎಂದಳು, "ಒಂದ್ಸಲನಾದ್ರೂ ನನ್ನ ಕೇಳಿದ್ಯೇನೋ?"

ಆಚೆ ಸಾಲಿನಲ್ಲಿ ಮೇಷ್ಟ್ರ ಟ್ರಕ್ಕು ಇನ್ನೂ ಗೇಟು ದಾಟಿರಲಿಲ್ಲ.